ನಡೆಯುವ ರೇವು

ಶ್ರೀರಂಗಪಟ್ಟಣವು ದ್ವೀಪವೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ರೈಲಿನಲ್ಲೋ ಬಸ್ಸಿನಲ್ಲೋ ಸೇತುವೆಯನ್ನು ದಾಟಿ ಬಂದವನಿಗೆ ಅದು ಮನಸ್ಸಿಗೆ ಹೊಳೆಯುವುದೇ ಇಲ್ಲ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಮ್ಮೆ ಹುಡುಗರನ್ನು ಕರೆದುಕೊಂಡು ಕೋಟೆಯನ್ನು ತೋರಿಸಲು ಹೋಗಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ, "ಸಾರ್, ದ್ವೀಪ ಅಂದ್ರಿ. ಹಂಗಾದ್ರೆ ಹಡಗು ಎಲ್ಲಿ ನಿಲ್ತಿದ್ವು?" ಎಂದು ಕೇಳಿದ. ಉಳಿದವರು ನಕ್ಕರು. ನಾನೂ ನಕ್ಕೆ. "ಇಲ್ಲಿ ಹಡಗಿಲ್ಲಪ್ಪ, ಹರಿಗೋಲು ಮಾತ್ರ" ಎಂದು ಹೇಳಿ ಮುಂದಕ್ಕೆ ನಡೆದೆ. ಹುಡುಗನಿಗೆ ಆ ಉತ್ತರ ಸಾಲದೆಂದು ಅವನ ಮುಖದಲ್ಲೇ ಕಂಡಿತು. ನನಗೂ ಸಾಲದೆಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಪ್ರಶ್ನೆಯೇನೋ ನಗುವಂಥದಾಗಿರಲಿಲ್ಲ. ಟಿಪ್ಪು ಸುಲ್ತಾನನು 1796ರಲ್ಲಿ ನೌಕಾಬಲವನ್ನು ಕಟ್ಟುವುದಕ್ಕಾಗಿ ವಿಸ್ತಾರವಾದ ಆಜ್ಞೆಯೊಂದನ್ನು ಹೊರಡಿಸಿದ್ದುಂಟು. ಹಡಗುಗಳು ಸಿದ್ಧವಾಗಬೇಕಾಗಿದ್ದುದು ಮಂಗಳೂರು ಮೊದಲಾದ ಕರಾವಳಿಯ ರೇವುಗಳಲ್ಲಿ. ರಾಜಧಾನಿಯನ್ನು ಸುತ್ತುವರಿದ ಹೊಳೆಯಲ್ಲಿ ತೇಲುತ್ತಿದ್ದುದು ಬಿದಿರಿನ ಬುಟ್ಟಿ. ಮೂರು ವರ್ಷಗಳ ಮೇಲೆ, 1799ರ ಮೇ 4ರ ಮಧ್ಯಾಹ್ನ, ಮುತ್ತಿಗೆ ಹಾಕಿದ್ದ ಸೈನ್ಯ ಕಾವೇರಿಯನ್ನು ದಾಟಿದಾಗ ಅದಕ್ಕೆ ಹಡಗೂ ಬೇಕಾಗಲಿಲ್ಲ, ಬುಟ್ಟಿಯೂ ಬೇಕಾಗಲಿಲ್ಲ. ಬೇಸಗೆಯಲ್ಲಿ ಬತ್ತಿದ್ದ ಹೊಳೆಯನ್ನು ಬಂಡೆಗಳ ನಡುವೆ ಕಾಲ್ನಡಿಗೆಯಲ್ಲೇ ಹಾಯ್ದರು. ಮುಂಗಾರಿನ ಪ್ರವಾಹ ಬರುವುದರೊಳಗೆ ಕೆಲಸ ಮುಗಿಸಬೇಕೆಂಬುದೇ ಅವರ ಆತುರ. ನೀರು ಆಳೆತ್ತರ ಹೆಚ್ಚಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೆ ಎಂಬುದನ್ನು ಪಂಡಿತರು ಚರ್ಚಿಸಲಿ. ಈ ನಾಡಿನಲ್ಲಿ ನೀರಿನ ಮಟ್ಟವೆಂಬುದು ಸಣ್ಣ ಸಂಗತಿಯಲ್ಲ ಎಂಬುದಷ್ಟೇ ನನಗೆ ಬೇಕಾದ ಮಾತು. ಏಕೆಂದರೆ ನಾನು ಹೇಳಹೊರಟಿರುವ ಸಂಸಾರವೊಂದರ ಮನೆಯ ವಿಳಾಸವನ್ನು ನಿರ್ಧರಿಸುವುದೂ ಅದೇ.

ಹರಿಗೋಲನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಬಿದಿರಿನ ದಬ್ಬೆಗಳನ್ನು ಒಂದರೊಳಗೊಂದು ಹೆಣೆದ ದೊಡ್ಡ ಬುಟ್ಟಿ ಅದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು; ಆಮೇಲೆ ಗೋಣಿ, ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುವುದು ರೂಢಿಯಾಯಿತು; ಈಗೀಗ ಫೈಬರಿನ ಹರಿಗೋಲುಗಳೂ ಬಂದಿವೆ. ವಿಜಯನಗರದ ವೈಭವವನ್ನು ಕಂಡು ಬರೆದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರ ವೇಳೆಗೆ ತುಂಗಭದ್ರೆಯಲ್ಲಿ ಇದನ್ನು ನೋಡಿ ಬೆರಗಾದ: ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಅವನಿಗಿಂತ ಎಷ್ಟೋ ಹಿಂದೆ ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬ್ಯಾಬಿಲೋನಿನ ತೊಗಲಿನ ದುಂಡುದೋಣಿಗಳನ್ನು ವರ್ಣಿಸಿದ್ದ. ಹೊಳೆಯ ಇಳಿಜಾರಿನಲ್ಲಿ ಸರಕು ತಂದವರು ಊರು ಮುಟ್ಟಿದ ಮೇಲೆ ದೋಣಿಯನ್ನೇ ಬಿಚ್ಚಿ, ಚೌಕಟ್ಟನ್ನು ಮಾರಿ, ತೊಗಲನ್ನು ಜೊತೆಗೆ ತಂದಿದ್ದ ಕತ್ತೆಯ ಮೇಲೆ ಹೇರಿಕೊಂಡು ಮನೆಗೆ ಮರಳುತ್ತಿದ್ದರಂತೆ. ಹೊರಬಹುದಾದ ದೋಣಿ, ಬಿಚ್ಚಬಹುದಾದ ದೋಣಿ! ಇದನ್ನು ಕಂಡುಹಿಡಿದವನು ಒಂದೆಡೆ ನಿಲ್ಲದ ಬಾಳಿನವನೇ ಇರಬೇಕು.

ಹೋದ ಕಾರ್ತಿಕದಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಕಡೆಗೆ ಹೋಗುವ ಸಂದರ್ಭ ಒದಗಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ತ್ರಿವೇಣಿ ಸಂಗಮವೆಂದು ಜನ ಭಾವಿಸುವ ಸ್ಥಳ. 2022ರ ಅಕ್ಟೋಬರಿನಲ್ಲಿ ಇಲ್ಲಿ ಕುಂಭಮೇಳ ನಡೆಯಿತು. ಊರಿನ ಹೆಸರಿನಲ್ಲೇ ಅಂಬಿಗನಿದ್ದಾನೆ. ಸೇತುವೆಗಳಾದ ಮೇಲೆ ನಮ್ಮ ಹೊಳೆಗಳ ಕಡವುಗಳಲ್ಲಿ ಅಂಬಿಗನ ಕೆಲಸ ಬಹಳ ಮಟ್ಟಿಗೆ ಮುಗಿದುಹೋಯಿತು. ಹೆಸರು ಮಾತ್ರ ಹೀಗೆ ಊರುಗಳಿಗೆ ಅಂಟಿಕೊಂಡು ನಿಂತಿದೆ. ಆ ಹೆಸರಿನ ಜಾಡು ಹಿಡಿದು ಹೊರಟ ನನಗೆ ಸಿಕ್ಕಿದ್ದು ಜನರನ್ನು ದಾಟಿಸುವ ಅಂಬಿಗನಲ್ಲ; ನೀರಿನ ಅಂಚಿನಲ್ಲೇ ಬಿಡಾರ ಮಾಡಿಕೊಂಡು, ಹರಿಗೋಲನ್ನೇ ಅರ್ಧ ಮನೆಯಾಗಿಸಿಕೊಂಡ ಒಂದು ಮೀನುಗಾರರ ಸಂಸಾರ.

ಕೊಳ್ಳೇಗಾಲದ ಕಡೆಯವರು. ಗಂಡ, ಹೆಂಡತಿ, ಗಂಡನ ತಂದೆ, ಎಂಟೊಂಬತ್ತು ವರ್ಷದ ಮಗಳು, ಸೀರೆಯ ಜೋಲಿಯಲ್ಲಿ ಒಂದು ಕೂಸು. ಹರಿಗೋಲುಗಳು ಎರಡು. ಒಂದು ನೀರಿನಲ್ಲಿ, ಗೂಟಕ್ಕೆ ಕಟ್ಟಿದ್ದು. ಇನ್ನೊಂದು ದಡದಲ್ಲಿ ಬೋರಲು ಹಾಕಿದ್ದು, ಒಂದು ಅಂಚಿಗೆ ಕವಲುಕೋಲು ಕೊಟ್ಟು ಎತ್ತಿ ನಿಲ್ಲಿಸಿದ್ದು. ಮಳೆ ಬಂದರೆ ಅಜ್ಜನೂ ಮಕ್ಕಳೂ ಅದರಡಿಗೆ ನುಸುಳುತ್ತಾರೆ. ಪಕ್ಕದಲ್ಲಿ ನೀಲಿ ಟಾರ್ಪಾಲಿನ ಗುಡಾರ, ಮೂರು ಕಲ್ಲಿನ ಒಲೆ, ಅಲ್ಯೂಮಿನಿಯಮ್ಮಿನ ಎರಡು ಪಾತ್ರೆ. ನಾಗಮಂಗಲದ ಕಂಚು ಹಿತ್ತಾಳೆಯ ಪಾತ್ರೆಗಳಿಗೆ ಹೆಸರಾದ ಸೀಮೆಯಿದು. ಆದರೆ ಎರಡು ತಿಂಗಳಿಗೊಮ್ಮೆ ಹೊತ್ತು ಸಾಗಿಸುವ ಮನೆಗೆ ಹಿತ್ತಾಳೆ ಭಾರವಾದೀತು.

ಹೊತ್ತು ಇಳಿಯುತ್ತಿದ್ದಂತೆ ಗಂಡಹೆಂಡಿರು ಬಲೆಯನ್ನು ಹರಿಗೋಲಿಗೆ ತುಂಬುತ್ತಾರೆ. ಹುಟ್ಟು ಹಾಕುವವಳು ಹೆಂಡತಿ. ಬಲೆ ಬಿಡುವವನು ಗಂಡ. ದುಂಡನೆಯ ದೋಣಿಯನ್ನು ಸುತ್ತಲು ಬಿಡದೆ ನೆಟ್ಟಗೆ ಒಯ್ಯುವುದೇ ಇದರ ವಿದ್ಯೆ. ಪಾಯೆಸನ ಹರಿಗೋಲು ಏಕೆ ಅಷ್ಟು ಸುತ್ತಿತೋ ತಿಳಿಯದು. ಈಕೆಯದು ಗೆರೆ ಎಳೆದಂತೆ ಹೋಯಿತು. ಖಾಲಿ ಪ್ಲಾಸ್ಟಿಕ್ ಬಾಟಲಿಗಳು ಬಲೆಗೆ ತೇಲು, ಕಲ್ಲಿನ ಚೂರುಗಳು ಭಾರ. ರಾತ್ರಿ ಬಲೆ ಇರುವ ಜಾಗ ತಿಳಿಯಲೆಂದು ಮಿಣುಕುವ ಪುಟ್ಟ ದೀಪವೊಂದನ್ನು ಕಟ್ಟುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಹೋಗಿ ಎತ್ತುತ್ತಾರೆ. ಕಟ್ಲ, ರೋಹು, ಗೆಂಡೆ ಸಿಕ್ಕರೆ ಒಳ್ಳೆಯ ದಿನ. ಬರೀ ಜಿಲೇಬಿ ಮೀನೇ ಬಂದರೆ ಸಾಮಾನ್ಯ ದಿನ. ನೀರುನಾಯಿಗಳು ಬಲೆ ಹರಿದು ತಮ್ಮ ಪಾಲನ್ನು ತಿಂದುಹೋಗಿದ್ದರೆ ಆ ದಿನವೆಲ್ಲ ಸೂಜಿ ಹಿಡಿದು ಹೆಣೆಯುವ ಕೆಲಸ. ಬೆಳಕು ಹರಿಯುವ ವೇಳೆಗೆ ಮೊಪೆಡ್ಡಿನ ಮೇಲೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿಕೊಂಡು ವ್ಯಾಪಾರಿ ಬರುತ್ತಾನೆ. ತೂಕವೂ ಅವನದೇ, ಬೆಲೆಯೂ ಅವನದೇ. ಬಲೆಗೆಂದು ಅವನಿಂದ ತಂದ ಮುಂಗಡದ ಲೆಕ್ಕ ಅವನ ಚೀಟಿಯಲ್ಲಿರುತ್ತದೆ. ಹೊಳೆಯಿಲ್ಲದ ನಾಗಮಂಗಲದ ಸಂತೆಗೆ ಕಾವೇರಿಯ ಮೀನು ಹೋಗುವುದು ಈ ಮೊಪೆಡ್ಡಿನ ಮೇಲೆ.

ಹಗಲೆಲ್ಲ ಹರಿಗೋಲು ದಡದಲ್ಲೇ. ದೋಣಿ ಕೆಲಸದಲ್ಲಿಲ್ಲದ ಆ ಹೊತ್ತಿನಲ್ಲಿಯೇ ಅದು ಹೆಚ್ಚು ಮನೆಯಂತೆ ಕಾಣುತ್ತದೆಂಬುದನ್ನು ನಾನು ಅಲ್ಲಿ ಕಂಡೆ. ಅದರ ಅಂಚಿನ ಮೇಲೆ ಬಟ್ಟೆ ಒಣಗುತ್ತದೆ. ಅದರೊಳಗೆ ಕುಳಿತು ತಾಯಿ ಮಗಳ ತಲೆ ಬಾಚುತ್ತಾಳೆ. ದಡದ ಇರುವೆ ಅಲ್ಲಿಗೆ ಬರುವುದಿಲ್ಲವಂತೆ. ಮಧ್ಯಾಹ್ನ ಅಜ್ಜ ಅದರಲ್ಲಿ ಕೊಕ್ಕರೆಯಂತೆ ಮುದುರಿಕೊಂಡು ನಿದ್ದೆ ಮಾಡುತ್ತಾನೆ. ಕಟ್ಟಿದ ಹರಿಗೋಲೂ ಸುಮ್ಮನಿರದು, ಹಗ್ಗದ ಸುತ್ತ ಮೆಲ್ಲಗೆ ತಿರುಗುತ್ತಿರುತ್ತದೆ. ಮಲಗಿದಾಗ ಪಾಂಡವಪುರದ ಕಡೆಗಿದ್ದ ಮುದುಕನ ಕಾಲು ಎದ್ದಾಗ ಮೈಸೂರಿನ ಕಡೆಗಿತ್ತು. ಇಷ್ಟು ನೀರಿನ ನಡುವೆ ಕುಡಿಯುವ ನೀರನ್ನು ಮಾತ್ರ ಊರಿನ ನಲ್ಲಿಯಿಂದ ಹೊತ್ತು ತರಬೇಕು.

ರಂಗನತಿಟ್ಟಿನ ದೋಣಿಯವರನ್ನೂ ನಾನು ಬಲ್ಲೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸಾರ್ ತಾಣವೆಂದು ಜಗತ್ತಿನ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳಲ್ಲಿ ದೋಣಿಗೆ ಕಟ್ಟೆಯಿದೆ, ಚೀಟಿಯಿದೆ, ವೇಳೆಯಿದೆ. ಮೊಸಳೆಯ ಮಗ್ಗುಲಲ್ಲಿ ಹುಟ್ಟು ನಿಲ್ಲಿಸಿ ಹಕ್ಕಿಯ ಹೆಸರು ಹೇಳುವ ಅವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಸಂಜೆಯಾಯಿತೆಂದರೆ ಅವರು ದೋಣಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಹಿನ್ನೀರಿನವರಿಗೆ ಹಾಗೆ ಬಿಟ್ಟುಹೋಗುವ ಮನೆ ಬೇರೆಯಿಲ್ಲ. ಊರಿನಲ್ಲಿರುವ ಒಂದು ಅಂಕಣದ ಮನೆಗೆ ಅವರು ಹೋಗುವುದು ವರ್ಷಕ್ಕೊಮ್ಮೆ, ಹಬ್ಬಕ್ಕೆ.

ಆ ಸಂಜೆ ನನ್ನ ಕಣ್ಣು ಹೆಚ್ಚಾಗಿ ಹುಡುಗಿಯ ಮೇಲಿತ್ತು. ಹಳೆಯ ಅಭ್ಯಾಸ, ಮಕ್ಕಳನ್ನು ಕಂಡರೆ ಯಾವ ತರಗತಿ ಎಂದು ಕೇಳದೆ ಇರಲಾರೆ. ಸಮೀಪದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ. ವರ್ಷದ ನಡುವೆ ಬಂದಳೆಂದು, ವರ್ಗಾವಣೆ ಪತ್ರವಿಲ್ಲವೆಂದು ಸೇರಿಸಿಕೊಳ್ಳದೆ ಕಳುಹಿಸುವಂತಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಅಷ್ಟನ್ನು ಖಚಿತಪಡಿಸಿದೆ. ಅಲ್ಲಿನ ಉಪಾಧ್ಯಾಯಿನಿಯೂ ಕಾಯಿದೆಗಿಂತ ಹೆಚ್ಚಾಗಿ ಕರುಣೆಯಿಂದಲೇ ಸೇರಿಸಿಕೊಂಡಿದ್ದರು. "ಎಷ್ಟು ದೂರವಮ್ಮ ಸ್ಕೂಲು?" ಎಂದೆ. ಮೈಲಿಯೆಂದೋ ಕಿಲೋಮೀಟರೆಂದೋ ಹೇಳುವಳೆಂದುಕೊಂಡಿದ್ದೆ. ಹುಡುಗಿ ಓಡಿಹೋಗಿ ಚೀಲದಿಂದ ನೋಟುಪುಸ್ತಕ ತಂದಳು. ಕೊನೆಯ ಪುಟದಲ್ಲಿ ತಾರೀಕು, ಅದರ ಮುಂದೆ ಒಂದು ಸಂಖ್ಯೆ. "ಹೆಜ್ಜೆ, ಸಾರ್" ಎಂದಳು. ಅಂದಿನದು 1,140.

"ಇದೇನು, ದಿನಾ ಎಣಿಸ್ತೀಯಾ?"

"ದಿನಾ ಇಲ್ಲ, ಸಾರ್. ಗೂಟ ಕಿತ್ತಾಗ ಮಾತ್ರ."

ಅದರ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಚೈತ್ರ ಕಳೆದ ಮೇಲೆ, ಮತ್ತೆ ಹೋದಾಗ. ಗುಡಾರವಿದ್ದ ಸ್ಥಳ ಬರಿದಾಗಿತ್ತು. ಮಸಿ ಹಿಡಿದ ಮೂರು ಕಲ್ಲು, ಹರಿಗೋಲಿನ ಅಂಚು ಊರಿದ್ದ ದುಂಡು ಗುರುತು, ಒಂದು ಗೂಟದ ಕುಳಿ. ನೀರು? ನೀರು ದೂರದಲ್ಲಿ ಬೆಳ್ಳಿಯ ಗೆರೆಯಂತೆ ಹೊಳೆಯುತ್ತಿತ್ತು. ನಡುವೆ ಬಿರುಕು ಬಿಟ್ಟ ಕೆಸರಿನ ಬಯಲು. ಅದರ ಮೇಲೆ ಅಲ್ಲಲ್ಲಿ ಹಸಿರು ಚಿಗುರು, ಮೇಯುವ ದನ.

ಕೃಷ್ಣರಾಜಸಾಗರವನ್ನು ನಾವು ನೋಡುವುದು ಕಟ್ಟೆಯ ಕಡೆಯಿಂದ. 1911ರಲ್ಲಿ ಮೊದಲಾಗಿ, ವಿಶ್ವೇಶ್ವರಯ್ಯನವರ ಛಲದಿಂದ ಮೇಲೆದ್ದು, 1930ರ ದಶಕದ ಆರಂಭಕ್ಕೆ ಪೂರ್ಣವಾದ ಆ ಕಟ್ಟೆಯಲ್ಲಿ ನೀರಿನ ಮಟ್ಟವೆಂದರೆ ಗೋಡೆಯ ಮೇಲಿನ ಅಂಕಿ. 124.80 ಅಡಿ ತುಂಬಿದರೆ ಬಾಗಿನ. ಇಳಿದರೆ ಪತ್ರಿಕೆಯಲ್ಲಿ ಆತಂಕ, ಕಾವೇರಿಯ ಜಗಳ. 2024ರ ಬೇಸಗೆಯಲ್ಲಿ ಅದು 80 ಅಡಿಯ ಆಸುಪಾಸಿಗೆ ಇಳಿದಿತ್ತು. ನಾವೆಲ್ಲ ಓದಿ ನಿಟ್ಟುಸಿರು ಬಿಟ್ಟೆವು. ಆದರೆ ಜಲಾಶಯದ ಹಿಂದಿನ ಅಂಚಿಗೆ ಗೋಡೆಯಿಲ್ಲ. ತುಂಬಿದಾಗ ಸುಮಾರು 130 ಚದರ ಕಿಲೋಮೀಟರು ಹರಡುವ ಆ ನೀರಿನ ತಳ ಹಿನ್ನೀರಿನ ಕೊನೆಯಲ್ಲಿ ತಟ್ಟೆಯಂತೆ ಚಪ್ಪಟೆ. ಕಟ್ಟೆಯ ಬಳಿ ಒಂದು ಅಡಿ ಇಳಿದರೆ ಇಲ್ಲಿ ದಡವೇ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಹರಿಗೋಲು ತೇಲಬೇಕಾದರೆ ನೀರಿನ ಜೊತೆಗೆ ಹೋಗಬೇಕು. ಹರಿಗೋಲಿನ ಜೊತೆಗೆ ಗುಡಾರ, ಗುಡಾರದ ಜೊತೆಗೆ ಒಲೆ, ಕೂಸು, ಮುದುಕ. ಹೀಗೆ ರೇವು ನಡೆಯುತ್ತದೆ. ಶಾಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಈ ನೀರಿನ ಜೊತೆಗೆ ನಡೆದವರು ಇವರೊಬ್ಬರೇ ಅಲ್ಲವೆನ್ನಿ. ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಯ ಬಳಿ ಇರುವ ವೇಣುಗೋಪಾಲಸ್ವಾಮಿಯ ದೇವಾಲಯ ಮೊದಲು ಈ ನೀರಿನಡಿಯ ಹಳೆಯ ಕನ್ನಂಬಾಡಿಯಲ್ಲಿತ್ತು. ಊರು ಮುಳುಗಿ ಜನ ಎದ್ದುಹೋದರು. ಗುಡಿ ನಿಂತಲ್ಲೇ ನಿಂತು, ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ತಲೆಯೆತ್ತುತ್ತಿತ್ತು. ಕೊನೆಗೆ ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಿನ ದಡಕ್ಕೆ ತಂದು ಕಟ್ಟಿದರು. ದೇವರಿಗೂ ಬಿಡಾರ ಬದಲಾಯಿಸುವುದು ತಪ್ಪಲಿಲ್ಲ. ಆದರೆ ಅವನದು ಒಂದೇ ಸಲ.

ಬಯಲನ್ನು ದಾಟಿ ಹೋಗಿ ಸಂಸಾರವನ್ನು ಕಂಡೆ. ಅದೇ ನೀಲಿ ಗುಡಾರ, ಅದೇ ಬೋರಲು ಹರಿಗೋಲು. ನೆರಳು ಮಾತ್ರ ಎಲ್ಲಿಯೂ ಇಲ್ಲ. ಮುದುಕ ನನ್ನನ್ನು ಗುರುತಿಸಿ, "ಬನ್ನಿ ಮೇಷ್ಟ್ರೆ, ನಿಮ್ಗೂ ನಡೆಯಂಗಾಯ್ತು" ಎಂದು ನಕ್ಕ. "ನೀರು ಎತ್ಲಾಗೆ ಓದ್ರೆ ನಾವೂ ಅತ್ಲಾಗೆ. ಗಂಗವ್ವ ಕರೆದ್ಮೇಲೆ ಬರಾಕಿಲ್ಲ ಅನ್ನಾಕಾಯ್ತದಾ?"

ಹೆಂಡತಿಯ ಮಾತಿನಲ್ಲಿ ಅಷ್ಟು ನಗುವಿರಲಿಲ್ಲ. ಪಡಿತರ ಚೀಟಿ ಊರಿನದು. ಅದನ್ನು ಈಗ ಯಾವ ಊರಿನ ಅಂಗಡಿಯಲ್ಲಾದರೂ ತೋರಿಸಿ ಅಕ್ಕಿ ಪಡೆಯಬಹುದು. ಅದನ್ನು ಆಕೆಯೂ ಬಲ್ಲಳು. ಚೀಟಿ ಹಿಡಿದುಕೊಂಡು ಹೋಗಿಯೂ ಇದ್ದಳು. ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಮೂರು ಸಲ ಒರೆಸಿ ಇಟ್ಟಳಂತೆ, ಬೇರೆ ಬೆರಳೂ ಇಟ್ಟಳಂತೆ. ಕೈ ಚಾಚಿ ತೋರಿಸಿದಳು. ಹದಿನೈದು ವರ್ಷ ನೈಲಾನು ಬಲೆಯ ಹುರಿಯನ್ನು ಎಳೆದ ಬೆರಳುಗಳು. ರೇಖೆಗಳೆಲ್ಲ ಸವೆದು ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. "ನಾನೇ ನಾನು ಅಂತ ಹೆಂಗೆ ತೋರ್ಸ್ಲಿ, ಸ್ವಾಮಿ?" ಎಂದಳು. ಇಷ್ಟು ವರ್ಷ ಪ್ರಶ್ನೆ ಕೇಳುತ್ತಲೇ ಬಂದ ನನಗೆ ಅಂದು ಉತ್ತರ ತೋಚಲಿಲ್ಲ. ಗಂಡನನ್ನು ಕಳುಹಿಸೆಂದೆ. ಅವನದೂ ಅದೇ ಕೈಯಲ್ಲವೆ! ಅಜ್ಜನ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತದೆಯಂತೆ. ಆತ ಬಲೆ ಬಿಟ್ಟು ಕೆಲವು ವರ್ಷಗಳಾದುವು. ಆದುದರಿಂದ ತಿಂಗಳಿಗೊಮ್ಮೆ ಆ ಮುದುಕ ಬಿಸಿಲಿನಲ್ಲಿ ಈ ಬಯಲನ್ನು ದಾಟಿ ಹೋಗಿ, ಮನೆಯವರೆಲ್ಲರ ಪರವಾಗಿ ಒಂದು ಬೆರಳು ಒತ್ತಿ ಬರಬೇಕು.

ದೋಣಿಯ ಮೇಲೆ ಬಾಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಶ್ರೀನಗರದ ದೋಣಿಮನೆಗಳನ್ನು ಕೇಳದವರಾರು? ಇಂಗ್ಲೆಂಡಿನಲ್ಲಿ ಹಳೆಯ ಸರಕು ಕಾಲುವೆಗಳ ಮೇಲೆ ಉದ್ದುದ್ದದ ದೋಣಿಗಳಲ್ಲಿ ಸಂಸಾರ ಹೂಡಿದವರು ಬಹುಮಂದಿ. ಅವರಲ್ಲಿ ಅನುಕೂಲವುಳ್ಳವರು ಬಾಡಿಗೆ ಕೊಟ್ಟು 'ಮರೀನಾ' ಎಂಬ ತಂಗುದಾಣದಲ್ಲಿ ದೋಣಿ ಕಟ್ಟುತ್ತಾರೆ. ನಲ್ಲಿ, ವಿದ್ಯುತ್ತು ಮೊದಲಾದ ಸೌಕರ್ಯಗಳು ಅಲ್ಲಿ ಸಿಗುತ್ತವೆ. ಹಾಗೆ ಕಾಯಂ ಜಾಗವಿಲ್ಲದ ದೋಣಿ 1995ರ ಕಾಯಿದೆಯಂತೆ ಒಂದೇ ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ಸಾಮಾನ್ಯವಾಗಿ ನಿಲ್ಲುವಂತಿಲ್ಲ. ಮುಂದೆ ಸಾಗುತ್ತಲೇ ಇರಬೇಕು. ಮಕ್ಕಳ ಶಾಲೆ, ಅಂಚೆ, ವೈದ್ಯ ಇವೇ ಅವರ ತೊಡಕುಗಳೂ. ಅವರು ಕಾಯಿದೆಯ ಮೇಲೆ ಸಿಟ್ಟಾಗಬಹುದು, ಅರ್ಜಿ ಬರೆಯಬಹುದು, ವಾದಿಸಬಹುದು. ಹಿನ್ನೀರಿನವರನ್ನು ಎಬ್ಬಿಸುವುದು ಬರಹವಿಲ್ಲದ ಕಾಯಿದೆ. ಕೆಳಗಿನ ಗದ್ದೆಗೆ ನಾಲೆಯ ನೀರು ಬೇಕು, ಊರುಗಳಿಗೆ ಕುಡಿಯುವ ನೀರು ಬೇಕು, ನೆರೆನಾಡಿನ ಪಾಲು ಹೋಗಬೇಕು, ಎಲ್ಲವೂ ನ್ಯಾಯವೇ. ಈ ನ್ಯಾಯಗಳೆಲ್ಲ ಕೂಡಿ ಒಂದು ಅಡಿ ನೀರು ಇಳಿಸಿದಾಗ ಮೂರನೆಯ ತರಗತಿಯ ಹುಡುಗಿಯೊಬ್ಬಳ ಶಾಲೆ ಅಷ್ಟು ದೂರವಾಗುತ್ತದೆಂಬುದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಅವಳ ನೋಟುಪುಸ್ತಕವೊಂದನ್ನು ಬಿಟ್ಟು.

ಅದನ್ನು ನೋಡಬೇಕೆಂದೆ. ತಂದು ಕೊಟ್ಟಳು. ಕಾರ್ತಿಕದ 1,140ರ ಕೆಳಗೆ ಸಾಲು ಬೆಳೆದಿತ್ತು: 1,310, 1,725, 2,260, 2,900. ಒಂದೆಡೆ ಮಾತ್ರ ಸಂಖ್ಯೆಯ ಬದಲು ಗೀಟು. ಅಂದು ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ಎಣಿಕೆ ತಪ್ಪಿ, ಅರ್ಧದಿಂದ ಹಿಂದಿರುಗಿದಳಂತೆ. ಆಮೇಲೆ ಎಂಟು ದಿನ ಹೋಗಲಿಲ್ಲ. ಪರೀಕ್ಷೆಯನ್ನು ಮಾತ್ರ ಬರೆದಳು. ಆಗ ತಂದೆ ಹೆಗಲ ಮೇಲೆ ಕೂರಿಸಿಕೊಂಡು ಕೆಸರು ದಾಟಿಸಿದ. "ಅವತ್ತಿಂದು ಎಷ್ಟು?" ಎಂದು ಕೇಳಿದೆ.

"ಬರೀಲಿಲ್ಲ ಸಾರ್. ಅವು ಅಪ್ಪನ ಹೆಜ್ಜೆ."

ಮುಂದಿನ ವರ್ಷ ಹುಡುಗಿಯನ್ನು ಊರಿನಲ್ಲಿ ಅಜ್ಜಿಯ ತಂಗಿಯ ಮನೆಯಲ್ಲಿ ಬಿಡಬೇಕೆಂದು ತಂದೆಯ ಯೋಚನೆ. ತಾಯಿಗೆ ಇಷ್ಟವಿಲ್ಲ, ಬೇಡವೆನ್ನಲು ಬಾಯಿಯೂ ಇಲ್ಲ. ಬಲೆಗೆ ಹೋದ ರಾತ್ರಿ ಕೂಸನ್ನು ನೋಡಿಕೊಳ್ಳುವವಳು ಈ ಹುಡುಗಿಯೇ ಅಲ್ಲವೆ? ಮುದುಕ ಒಬ್ಬನ ಕೈಯಲ್ಲಿ ಆಗುವುದಿಲ್ಲ. ಮಾತು ಅಲ್ಲಿಗೇ ನಿಂತಿತು. ನಾನೂ ಹಾಸ್ಟೆಲಿನ ವಿಚಾರ ಎತ್ತಿದೆ, ಅರ್ಜಿ ಬರೆದುಕೊಡುತ್ತೇನೆಂದೆ. "ಆಗ್ಲಿ ಸ್ವಾಮಿ" ಎಂದ ತಂದೆ. ಆಗಲಿ ಎನ್ನುವುದಕ್ಕೆ ನಮ್ಮ ಕಡೆ ಎಷ್ಟು ಅರ್ಥಗಳುಂಟೆಂಬುದು ವಾಚಕರಿಗೆ ಗೊತ್ತಿದೆ.

ಹೊತ್ತು ಇಳಿದಿತ್ತು. ಹರಿಗೋಲಿನ ತಳ ಕೆಸರು ಮುಟ್ಟುತ್ತಿರುವುದನ್ನು ಅವನು ಕಂಡ. ಗೂಟವನ್ನು ಅಲುಗಾಡಿಸಿ ಕಿತ್ತು, ನೀರಿನ ಕಡೆಗೆ ಹೋಗಿ, ಮೊಣಕಾಲು ಮುಳುಗುವಲ್ಲಿ ನಿಂತು ಕಲ್ಲಿನಿಂದ ಬಡಿದು ಮತ್ತೆ ನೆಟ್ಟ. ಹೆಂಡತಿ ಬಲೆ ತುಂಬತೊಡಗಿದಳು. ಗೂಟದ ಹಳೆಯ ಕುಳಿಯಿಂದ ಹೊಸ ಗೂಟದವರೆಗೆ ಹುಡುಗಿ ಲಂಗ ಎತ್ತಿಕೊಂಡು ನಡೆದಳು, ತುಟಿ ಅಲುಗಿಸುತ್ತ. ಹಿಂದಕ್ಕೆ ಬಂದು ನೋಟುಪುಸ್ತಕ ತೆಗೆದು, ನನ್ನ ಪೆನ್ನನ್ನು ಕೇಳಿ ಪಡೆದು, ಕೊನೆಯ ಸಂಖ್ಯೆಯ ಪಕ್ಕದಲ್ಲಿ ಕೂಡಿಸುವ ಗುರುತು ಹಾಕಿ, 14 ಎಂದು ಬರೆದಳು.